ನಂಬಿಕಸ್ತರಿಗೆ ಹೆದರುವ ರಾಜರತ್ನ ಸರ್

ದೇಶಪಾಂಡೆ ನಗರದ ರಾಜರತ್ನ ಸರ್ ಹೆದರುವುದು ಕಳ್ಳರಿಗಲ್ಲ, ನಂಬಿಕಸ್ತರಿಗೆ. ತಾವು ಕಲಿಸುವ ಕಾಲೇಜಿನ ಕಂಪ್ಯೂಟರಿನೊಳಗೆ ಅವರು ಪುಟ್ಟಪುಟ್ಟ ಪ್ರೋಗ್ರಾಮುಗಳ ಒಂದು ಸಂತೆ ಕಟ್ಟಿದ್ದಾರೆ. ಅವು ತಮ್ಮತಮ್ಮಲ್ಲೇ ವ್ಯವಹಾರ ಮಾಡಿ, ಯಾರನ್ನು ಎಷ್ಟು ನಂಬಬಹುದೆಂದು ಒಂದಕ್ಕೊಂದು ಅಂಕ ಕೊಡುತ್ತವೆ. ಪ್ರತಿಸಲವೂ ಸಂತೆಯನ್ನು ಮುಳುಗಿಸುವುದು ಮಾತ್ರ ಎಲ್ಲಕ್ಕಿಂತ ಹೆಚ್ಚು ಅಂಕ ಗಳಿಸಿದ ಪ್ರೋಗ್ರಾಮೇ: ಬಹುಕಾಲ ಪ್ರಾಮಾಣಿಕವಾಗಿದ್ದು, ಎಲ್ಲರೂ ಕಣ್ಣುಮುಚ್ಚಿ ನಂಬಿದ ಮೇಲೆ ಒಮ್ಮೆಲೇ ಕೈಕೊಡುತ್ತದೆ. ಅದನ್ನು ಕಂಡಂದಿನಿಂದ, ಹಾಲಿಗೆ ಹನಿ ನೀರು ಬೆರೆಸದ ಗೌಳಿ ಬಾಗಿಲಿಗೆ ಬಂದರೆ ಸರ್ ಬೆವರುತ್ತಾರೆ. "ಇಷ್ಟು ವರ್ಷ ಛಲೋ ಅದಾನಂದ್ರ ಯಾತಕ್ಕೋ ಕಾಯಾಕತ್ತಾನ" ಎಂದು ಹೆಂಡತಿ ನೀಲಾಳ ಕಿವಿಯಲ್ಲಿ ಉಸುರುತ್ತಾರೆ. ಹೇಳಿದ ದಿನ ಎಂದೂ ಅಂಗಿ ಕೊಡದ ಕಮರಿಪೇಟೆಯ ದರ್ಜಿಯ ಮುಂದೆ ಕುಳಿತಾಗ ಮಾತ್ರ ಅವರಿಗೆ ನೆಮ್ಮದಿ. ಅವನ ಸುಳ್ಳಿನ ಅಳತೆ ಗೊತ್ತಿದೆ. ಓಣಿಯವರು ಇದಕ್ಕೆಲ್ಲ ನಗುತ್ತಾರೆ. ಆದರೆ ಊರಿಗೆ ಹೊರಟಾಗ ಅಷ್ಟೂ ಮಂದಿ ಮನೆಯ ಕೀಲಿಕೈ ತಂದಿಡುವುದು ಸರ್ ಕೈಯಲ್ಲೇ. "ನಿಮ್ಮ ಮ್ಯಾಲಿದ್ದಷ್ಟು ನಂಬಿಕಿ ಯಾರ ಮ್ಯಾಲೂ ಇಲ್ರಿ ಸರ್" ಎನ್ನುತ್ತಾರೆ. ಅವರು ಅತ್ತ ಹೋದದ್ದೇ ಸರ್ ಕೀಲಿಕೈಗಳನ್ನೆಲ್ಲ ನೀಲಾಳ ಮಡಿಲಿಗೆ ಹಾಕಿ, ಗೋಡೆಯತ್ತ ಮುಖ ತಿರುಗಿಸಿ ನಿಲ್ಲುತ್ತಾರೆ: "ಎಲ್ಲಿಟ್ಟಿ ಅಂತ ನನಗ ಹೇಳಬ್ಯಾಡ."