ಮೊದಲ ಸಲ ಬ್ಯಾಡ ಅನ್ನಬೇಕು

ನನಗೆ ನಿಧಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು 'ಅವಳ ಏಳಿಗೆ ಕಂಡು ಸಂತೋಷವಾಯಿತು' ಎಂದು ಬರೆಯಬಹುದಿತ್ತು. ಅವಳು ಹಾಕುವ ಪ್ರತಿ ಫೋಟೊದ ಕೆಳಗೆ ಹಾಗೆ ಬರೆದೂ ಇದ್ದೇನೆ, ಜೊತೆಗೆ ಹೂವಿನ ಚಿತ್ರ ಬೇರೆ. ಆಮೇಲೆ ಫೋನನ್ನು ಬೋರಲು ಹಾಕಿ, ಕಾರಟಗಿಯ ನಮ್ಮ ಮನೆಯೆದುರು ಒಣಗಲು ಹರವಿದ ಭತ್ತವನ್ನು ನೋಡುತ್ತ ಕೂರುತ್ತೇನೆ.

ಬೆಂಗಳೂರಿನ ಒಂದು ಪ್ರಚಾರ ಕಂಪನಿಯಲ್ಲಿ ನಾವಿಬ್ಬರೂ ಒಟ್ಟಿಗೆ ಇಂಟರ್ನ್‌ಶಿಪ್ ಮಾಡಿದೆವು. ಪತ್ರಿಕೆಯವರಿಗೆ ಸುದ್ದಿ ಕಳಿಸುವುದು, ಫೋನು ಮಾಡಿ ನೆನಪಿಸುವುದು, ಒಟ್ಟಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಿಸುವ ಕೆಲಸ. ಕೊನೆಗೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಾಯಂ ಮಾಡಿಕೊಳ್ಳುತ್ತಾರೆಂದು ಮೊದಲ ದಿನವೇ ಹೇಳಿದ್ದರು. ಆ ಒಬ್ಬಳು ನಾನೇ ಆಗಬೇಕೆಂದು ಎಷ್ಟು ಆಸೆಯಿತ್ತೆಂದರೆ, ಗುರುತಿನ ಚೀಟಿಗೆ ಯಾವ ಫೋಟೊ ಕೊಡಬೇಕೆಂದೂ ಆರಿಸಿಟ್ಟಿದ್ದೆ.

ನಿಧಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಮೀಟಿಂಗಿನಲ್ಲಿ ತಟ್ಟೆಯಲ್ಲಿ ಕೊನೆಯ ಬಿಸ್ಕತ್ತು ಉಳಿದರೆ ಕೈ ಚಾಚಿ ತೆಗೆದುಕೊಂಡು ತಿನ್ನುವವಳು. ಅದರ ಮೇಲೆ ನನಗೂ ಕಣ್ಣಿರುತ್ತಿತ್ತು. ಆದರೆ ಯಾರೂ 'ತಗೋ' ಅನ್ನದೆ ತಿನ್ನುವುದು ಹೇಗೆ? ಅವಳು ಬಿಸ್ಕತ್ತು ನುಂಗುತ್ತಿದ್ದಳು, ನಾನು ಉಗುಳು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳಬೇಕು. ಏನೇ ಕೊಡಲು ಬಂದರೂ ಮೊದಲ ಸಲ ಬ್ಯಾಡ ಅನ್ನಬೇಕು. ನವಲಿಯಿಂದ ಸೋದರಮಾವ ಬಂದರೆ ಅವ್ವ, "ಚಾ ಮಾಡ್ಲೇನಣ್ಣಾ?" ಅನ್ನುತ್ತಾಳೆ. "ಏ, ಬ್ಯಾಡ ಬಿಡವಾ, ಈಗರ ಕುಡದ್ ಬಂದೀನಿ" ಎನ್ನುತ್ತಾನೆ ಅವನು. ಅಷ್ಟರಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ. ಊಟಕ್ಕೆ ಕೂತಾಗ ತಾಟಿಗೆ ಅಡ್ಡ ಹಿಡಿದ ಕೈಯನ್ನು ಓದಲು ಕಲಿಯಬೇಕು. ಬೆರಳ ಸಂದಿ ಅಗಲವಾಗಿದ್ದರೆ ಇನ್ನೊಂದು ರೊಟ್ಟಿ, ಬೆರಳು ಕೂಡಿಸಿದ್ದರೆ ಅರ್ಧ. ಎದ್ದು ಕೈ ತೊಳೆದರೆ ಮಾತ್ರ ಅದು ನಿಜವಾದ ಬ್ಯಾಡ. ಮೊದಲ ಸಲಕ್ಕೇ ಹೂಂ ಅಂದವರನ್ನು, ಅವರು ಓಣಿ ದಾಟಿದ ಮೇಲೆ, "ಉಣ್ಣಾಕ ಬಂದಿದ್ದ ನೋಡು" ಎಂದು ಆಡಿಕೊಳ್ಳುತ್ತಾರೆ. ಸಂಘದ ಅಧ್ಯಕ್ಷರಾಗುವವರೂ ಹಾರ ಹಾಕಿಸಿಕೊಳ್ಳಲು ಕೊರಳು ಬಗ್ಗಿಸಿಯೇ 'ನನಗ್ಯಾಕ್ರಿ' ಅನ್ನುವುದು. ಇದರ ಶಾಸ್ತ್ರವನ್ನು ಯಾರೂ ಬರೆದಿಟ್ಟಂತಿಲ್ಲ. ಬರೆಯಿರಿ ಅಂದಾಗ ಪಂಡಿತರೂ ಮೊದಲು ಬ್ಯಾಡ ಅಂದಿರಬೇಕು, ಕೇಳಿದವರು ಸುಮ್ಮನಾಗಿರಬೇಕು.

ಇಂಟರ್ನ್‌ಶಿಪ್ಪಿನ ಕೊನೆಯ ವಾರ ಕಂಪನಿಯ ಮುಖ್ಯಸ್ಥೆ ಮೇಡಂ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ನನ್ನತ್ತ ನೋಡಿ, "ನಿಮ್ಮನ್ನೇ ತಗೋಬೇಕು ಅಂತಿದೀನಿ. ಇಲ್ಲೇ ಮುಂದುವರೀತೀರಾ?" ಅಂದರು. ಎದೆ ಕುಣಿಯಿತು. ಬಾಯಿ ಮಾತ್ರ ಇನ್ನೂ ಕಾರಟಗಿಯಲ್ಲೇ ಇತ್ತು.

"ಏ, ಬ್ಯಾಡ್ರಿ ಮೇಡಂ, ನನಗ್ಯಾಕ್ರಿ ಅದೆಲ್ಲಾ. ನಿಧಿ ಭಾಳ ಛಲೋ ಮಾಡ್ತಾಳ್ರಿ."

ಹೇಳಿ ತಲೆ ತಗ್ಗಿಸಿ ಕಾದೆ. ಈಗ ಮೇಡಂ ಒತ್ತಾಯ ಮಾಡಬೇಕು, ನಾನು ಇನ್ನೊಮ್ಮೆ ಬ್ಯಾಡ ಅನ್ನಬೇಕು, ಅವರು ಸಿಟ್ಟು ಬಂದವರಂತೆ ಮಾಡಬೇಕು. ಆಗ ನಾನು, 'ಆತು ಬಿಡ್ರಿ, ನೀವ್ ಇಷ್ಟ್ ಹೇಳಾಕತ್ತೀರಿ ಅಂದ್ಮ್ಯಾಲೆ' ಎಂದು ಒಪ್ಪಬೇಕು.

"ಓಕೆ, ನಿಮ್ಮಿಷ್ಟ. ನಿಧಿ, ನೀವು?"

"ಖಂಡಿತ ಮೇಡಂ, ಥ್ಯಾಂಕ್ಯೂ" ಅಂದಳು ನಿಧಿ. ಮೇಡಂ ಅವಳ ಕೈ ಕುಲುಕಿದ್ದೂ ಆಯಿತು. ನಾನಿನ್ನೂ ತಲೆ ತಗ್ಗಿಸಿಕೊಂಡೇ ಇದ್ದೆ.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ನನ್ನ ತಪ್ಪೇ ಕಾಣಲಿಲ್ಲ. "ಮತ್ತೊಮ್ಮಿ ಕೇಳಲೇ ಇಲ್ಲೇನು? ಎಂಥಾ ಮಂದೀನವಾ!" ಎಂದು ಬೆಂಗಳೂರಿಗೇ ಬೈದಳು. ಮರುದಿನ ಹೋಗಿ 'ನನಗೆ ಬೇಕು' ಅನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೇಡಂ ಕೋಣೆಯ ಬಾಗಿಲತನಕ ಹೋಗಿದ್ದೆ. ಆ ಎರಡು ಶಬ್ದ ನಾಲಿಗೆಗೆ ಬರಲಿಲ್ಲ. ಅಂದಿನಿಂದ ಒಂದು ತಿಳಿದಿದೆ: ಬಾಯಿ ಬ್ಯಾಡ ಅಂದಿದ್ದನ್ನು ಹೊಟ್ಟೆ ಮರೆಯುವುದಿಲ್ಲ. ಅದು ಒಳಗೇ ಕೂತು ಉರಿಯುತ್ತದೆ.

ಈಗ ಊರಿನಿಂದಲೇ ಓಡಾಡಿಕೊಂಡು ಗಂಗಾವತಿಯಲ್ಲಿ ಅಕ್ಕಿ ಮಿಲ್ಲುಗಳಿಗೆ ಜಾಹೀರಾತು ಬರೆಯುತ್ತೇನೆ. ಕೆಲಸ ಕೆಟ್ಟದ್ದೇನಲ್ಲ. ಆದರೂ ನಿಧಿ ದೊಡ್ಡ ವೇದಿಕೆಯ ಮೇಲೆ ಮೈಕು ಹಿಡಿದ ಫೋಟೊ ಕಂಡ ದಿನ ನನ್ನ ಯಾವ ಅಕ್ಕಿಯೂ ಘಮಘಮಿಸುವುದಿಲ್ಲ.

ಮೊನ್ನೆ ಅವಳೇ ಫೋನು ಮಾಡಿದ್ದಳು. ರಜೆಯಿಲ್ಲ, ನಿದ್ದೆಯಿಲ್ಲ, ಯಾರು ಏನು ಹೊರಿಸಿದರೂ ಹೂಂ ಅಂದುಬಿಡುತ್ತೇನೆ ಎಂದು ಗೋಳಾಡಿ, ಕೊನೆಗೆ ಅಂದಳು: "ಆ ಕೆಲಸಾನ ಅವತ್ತು ನೀನು ಎಷ್ಟು ಸಲೀಸಾಗಿ ಬೇಡ ಅಂದ್ಬಿಟ್ಟೆ ಕಣೆ! ನಂಗೆ ಆ ಧೈರ್ಯ ಯಾವತ್ತೂ ಬರಲ್ಲ. ಈಗ್ಲೂ ನೆನೆಸ್ಕೊಂಡ್ರೆ ನಿನ್ನ ಮೇಲೆ ಹೊಟ್ಟೆ ಉರಿಯುತ್ತೆ."

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ನನ್ನ ಮೇಲೆ ಒಬ್ಬರು ಹೊಟ್ಟೆಕಿಚ್ಚು ಪಟ್ಟದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಇಂಥದ್ದನ್ನು ಇನ್ನೊಮ್ಮೆ ಯಾರು ಕೊಡುತ್ತಾರೆ?

"ಹೌದ್ ನೋಡು" ಅಂದೆ, ಒಂದೇ ಸಲಕ್ಕೆ.