ಮಾವನಿಗೆ ಬರುತ್ತಿದ್ದ ಕಾಗದ

ನನ್ನ ಸೋದರಮಾವ ಸೈನ್ಯದಲ್ಲಿ ಜನರಲ್ ಆಗಿದ್ದವರು. ಬೀಜಾಡಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಹದಿನೇಳನೇ ವಯಸ್ಸಿಗೆ ಮುಂಬೈಗೆ ಓಡಿಹೋಗಿ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಸೈನ್ಯಕ್ಕೆ ಸೇರಿದರಂತೆ. ಸಾದಾ ಸಿಪಾಯಿಯಾಗಿ ಹೋದವರು ಪರೀಕ್ಷೆ ಬರೆದು ಅಧಿಕಾರಿಯಾದರು, ಯುದ್ಧದಲ್ಲಿ ಕಾಲಿಗೆ ಗುಂಡು ತಿಂದರು, ಪದಕಗಳನ್ನು ಪಡೆದರು. ಕೊನೆಯ ಕೆಲವು ವರ್ಷ ಸರ್ಕಾರದ ಭದ್ರತಾ ವಿಭಾಗದಲ್ಲಿದ್ದರು. ಅಲ್ಲಿ ಎಂತ ಕೆಲಸ ಎಂದು ಅಮ್ಮ ಕೇಳಿದರೆ, "ಆಫೀಸಿನ ಕೆಲ್ಸ" ಎಂದಷ್ಟೇ ಹೇಳುತ್ತಿದ್ದರು.

ತೊಂಬತ್ತೇಳನೇ ಇಸವಿಯಲ್ಲಿ ನಿವೃತ್ತರಾಗಿ ಅವರು ಊರಿಗೆ ಬಂದರು. ಮದುವೆಯಾಗಿರಲಿಲ್ಲ. ನಮ್ಮ ಮನೆಗೆ ತಾಗಿಯೇ ಎರಡು ಕೋಣೆ ಕಟ್ಟಿಸಿಕೊಂಡರು. ನಮ್ಮದು ಅಮ್ಮ ಮತ್ತು ನಾನು ಮಾತ್ರ ಇದ್ದ ಮನೆ. ಅಮ್ಮ ಒಣಮೀನಿನ ವ್ಯಾಪಾರ ಮಾಡುತ್ತಿದ್ದಳು, ನಾನು ಆಗಷ್ಟೇ ತಲ್ಲೂರಿನ ಹತ್ತಿರದ ಒಂದು ಶಾಲೆಯಲ್ಲಿ ಹಿಂದಿ ಟೀಚರಾಗಿ ಸೇರಿದ್ದೆ.

ಊರವರಿಗೆ ಮಾವನೆಂದರೆ ಹೆಮ್ಮೆ. ನನಗೆ ಮಾತ್ರ ಮೊದಲ ದಿನದಿಂದಲೇ ಹೆದರಿಕೆ. ಅವರು ಗದರಿದ್ದೇ ಇಲ್ಲ. ಬಹಳ ಮೆಲ್ಲಗೆ ಮಾತಾಡುತ್ತಿದ್ದರು, ಕೇಳಿಸಿಕೊಳ್ಳಬೇಕಾದರೆ ನಾವೇ ಹತ್ತಿರ ಹೋಗಬೇಕು. ಗೋಡೆಗೆ ಬೆನ್ನು ಕೊಟ್ಟಲ್ಲದೆ ಕೂರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ನನ್ನನ್ನು ಕರೆದು, "ಯಾರ್ ಅದ್? ಹಿಂದೆ ಇನ್ಯಾರಾರ್ ಇದ್ರಾ ಕಾಣ್" ಎನ್ನುತ್ತಿದ್ದರು. ನಾನು ಗೇಟಿನವರೆಗೆ ಹೋಗಿ ಓಣಿಯ ಎರಡೂ ಬದಿ ನೋಡಿ ಬರಬೇಕಿತ್ತು. ಒಂದೆರಡು ವರ್ಷ ಜಗಲಿಯಲ್ಲಿ ಒಬ್ಬ ಪೊಲೀಸನನ್ನು ಕೂರಿಸಿದ್ದರು. ಅವನನ್ನು ಸರ್ಕಾರ ವಾಪಸು ಕರೆಸಿಕೊಂಡ ದಿನ ಮಾವ ಊಟ ಮಾಡಲಿಲ್ಲ. ಇಷ್ಟು ದೊಡ್ಡ ಮನುಷ್ಯ ಯಾರಿಗೆ ಹೆದರುತ್ತಾರೆ ಎಂದು ಯೋಚಿಸಿದಷ್ಟೂ ನನಗೆ ನಿದ್ದೆ ದೂರವಾಗುತ್ತಿತ್ತು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಯಿತು. ಪತ್ರ, ಪೇಪರು ಓದಿ ಹೇಳುವುದು ನನ್ನ ಕೆಲಸವಾಯಿತು. ಒಂದು ಸಂಜೆ, ದೆಹಲಿಯ ಅವರ ಹಳೆಯ ಆಫೀಸಿನವರು ವಿಳಾಸ ತಿದ್ದಿ ಕಳಿಸಿದ ಒಂದು ಕವರು ಒಡೆದೆ. ಹಿಂದಿಯಲ್ಲಿತ್ತು, ಅಕ್ಷರ ದಪ್ಪ, ಸೊಟ್ಟ. ಗಡಿಯ ಕಡೆಯ ಯಾವುದೋ ಗುಡ್ಡದೂರಿನ ಹೆಂಗಸು ಬರೆದದ್ದು. ಗಟ್ಟಿಯಾಗಿ ಓದಿದೆ.

"ಸಾಹೇಬರಿಗೆ ನಮಸ್ಕಾರ. ಈ ವರ್ಷವೂ ಕೇಳುತ್ತಿದ್ದೇನೆ. ನನ್ನ ಮಗನನ್ನು ನಿಮ್ಮ ಜೀಪಿಗೆ ಹತ್ತಿಸುವಾಗ ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಅವನು ಎಲ್ಲಿದ್ದಾನೆ?"

ಅಷ್ಟೇ ಇತ್ತು. ಮಾವ, "ಒಲಿಗ್ ಹಾಕ್" ಅಂದರು.

ಹಾಕಿದೆ. ಮುಂದಿನ ವರ್ಷ ಮತ್ತೆ ಬಂತು, ಅದೇ ಅಕ್ಷರ, ಹೆಚ್ಚುಕಡಿಮೆ ಅದೇ ಮಾತು. ಹೀಗೆ ಐದು ಕಾಗದ ನನ್ನ ಕೈಯಿಂದಲೇ ಬಚ್ಚಲೊಲೆಗೆ ಹೋದವು. ಅಮ್ಮನಿಗೆ ಹೇಳಲಿಲ್ಲ. ಅಣ್ಣ ಎಂದರೆ ಅವಳಿಗೆ ದೇವರು.

ಆರನೇ ವರ್ಷ ಕಾಗದ ಬರಲಿಲ್ಲ, ಆ ಹೆಂಗಸೇ ಬಂದಳು. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಅಮ್ಮ ಕೋಟದ ಸಂತೆಗೆ ಹೋಗಿದ್ದಳು. ಗೇಟಿನ ಹತ್ತಿರ ಗಿಡ್ಡ ಮುದುಕಿಯೊಬ್ಬಳು, ಜೊತೆಗೆ ನನ್ನ ಪ್ರಾಯದ ಮಗಳು. ಬಿಸಿಲಲ್ಲೂ ಮುದುಕಿ ಉಣ್ಣೆಯ ಶಾಲು ಹೊದ್ದಿದ್ದಳು. ಮೂರು ರೈಲು ಬದಲಿಸಿ ಕುಂದಾಪುರದಲ್ಲಿ ಇಳಿದೆವು, ಕಾಗದ ತಿರುಗಿಸಿ ಕಳಿಸುವ ಗುಮಾಸ್ತನೊಬ್ಬ ವಿಳಾಸ ಕೊಟ್ಟ ಎಂದು ಮಗಳು ಹಿಂದಿಯಲ್ಲಿ ಹೇಳಿದಳು. ಅವಳ ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಅದರೊಳಗೆ ಏನಿದೆಯೋ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಒಳಗೆ ಓಡಿ ಹೋಗಿ, "ಮಾವ, ಕಾಗ್ದ ಬರೀತಿದ್ರಲೆ, ಅವ್ರ್ ಬಂದಿದ್ರ್. ನೀವ್ ಇಲ್ಲೆ ಅಂತ ಹೇಳಿ ವಾಪಾಸ್ ಕಳ್ಸ್ತೆ" ಅಂದೆ.

ಮಾವ ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದುಕೊಂಡರು. ಆಮೇಲೆ, "ಎಷ್ಟ್ ಜನ?" ಎಂದು ಕೇಳಿದರು.

"ಇಬ್ರ್. ಹೆಂಗ್ಸ್ರೇ. ಚೀಲ ಇತ್ತ್. ನಂಗ್ ಹೆದ್ರಿಕಿ ಆತ್ತ್ ಮಾವ."

"ಒಳಗ್ ಬಪ್ಪುಕ್ ಹೇಳ್. ನೀ ಇಲ್ಲೇ ನಿಲ್ಲ್."

ಮುದುಕಿ ಕುರ್ಚಿಯಲ್ಲಿ ಕೂರಲಿಲ್ಲ, ಮಾವನ ಎದುರು ನೆಲದ ಮೇಲೆ ಕುಳಿತಳು. ಮಗಳು ಚೀಲಕ್ಕೆ ಕೈ ಹಾಕಿದಾಗ ನಾನು ಮಾವನ ಕುರ್ಚಿಯ ಹಿಂದಕ್ಕೆ ಸರಿದೆ. ಒಂದು ಜೊತೆ ಗಂಡಸರ ಚಪ್ಪಲಿ ತೆಗೆದು ಮಾವನ ಕಾಲ ಹತ್ತಿರ ಇಟ್ಟಳು. ಅವರಿಗೆ ಅದು ಏನೆಂದು ಕಾಣಲಿಲ್ಲ. ನನ್ನ ಕಡೆ ತಿರುಗಿದರು, "ಚಪ್ಲಿ" ಎಂದೆ.

ಆಗ ಮಾವ ಹಿಂದಿಯಲ್ಲಿ ಹೇಳಿದರು, ಬಹಳ ಮೆಲ್ಲಗೆ. ಹುಡುಗ ಮೂರನೇ ದಿನ ಸತ್ತ. ಹೊಡೆದದ್ದು ತನ್ನ ಜನ, ತಾನು ಪಕ್ಕದ ಕೋಣೆಯಲ್ಲೇ ಇದ್ದರೂ ನಿಲ್ಲಿಸಿ ಎನ್ನಲಿಲ್ಲ. ಓಡಿಹೋದ ಎಂದು ಕಡತದಲ್ಲಿ ಬರೆದು ಸಹಿ ಹಾಕಿದವನೂ ತಾನೇ. ಹೊಳೆಯ ಆಚೆ ದಡದಲ್ಲಿ, ಹಳೆಯ ಮರದ ಡಿಪೋದ ಹಿಂದೆ ಹೂತದ್ದು. ಇದನ್ನೆಲ್ಲ ನನ್ನಿಂದಲೇ ಬರೆಸಿ, ಬೆರಳಿನಿಂದ ಜಾಗ ಹುಡುಕಿ ಕೆಳಗೆ ಸಹಿ ಹಾಕಿದರು.

ಮುದುಕಿ ಅಳಲಿಲ್ಲ. "ನೀರು ಕೇಳಿದನಾ?" ಎಂದಳು.

"ಕೇಳಿದ" ಎಂದರು ಮಾವ. "ಕೊಟ್ಟಿರಾ" ಎಂದು ಅವಳು ಕೇಳಲಿಲ್ಲ, ಇವರೂ ಹೇಳಲಿಲ್ಲ. ಬೊಂಡ ಕೊಚ್ಚಿ ಎಳನೀರು ತಂದುಕೊಟ್ಟೆ. ಮಗಳು ಕುಡಿದಳು, ಮುದುಕಿ ಮುಟ್ಟಲಿಲ್ಲ. ಕಾಗದವನ್ನು ಶಾಲಿನೊಳಗೆ ಇಟ್ಟುಕೊಂಡು ಹೋದರು.

ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ. ಆ ಕಾಗದ ಕೋರ್ಟು ಮುಟ್ಟಿರಬೇಕು, ಎರಡು ತಿಂಗಳಾಗುವಷ್ಟರಲ್ಲಿ ಒಂದು ಕಾರಿನಲ್ಲಿ ಇಬ್ಬರು ಬಂದರು. ಸರ್ಕಾರದವರು ಎಂದರು, ಹೆಸರು ಹೇಳಲಿಲ್ಲ. ಮಾವನ ಪೆಟ್ಟಿಗೆ ಬಿಚ್ಚಿಸಿ ಹಳೆಯ ಡೈರಿಗಳನ್ನೆಲ್ಲ ಕಟ್ಟಿಕೊಂಡರು. ಒಬ್ಬ ಅಡುಗೆಮನೆಗೆ ಬಂದು, ಬೆಂಗಳೂರಿನ ಕನ್ನಡದಲ್ಲಿ ನಗುತ್ತಲೇ ಕೇಳಿದ: "ಆವತ್ತು ಮನೇಲಿ ನೀವೂ ಇದ್ರಂತೆ. ಏನು ಮಾತಾಡಿದ್ರು?"

"ಹಿಂದಿಯಲ್ಲಿ ಮಾತಾಡಿದ್ರು. ನಂಗೆ ಹಿಂದಿ ಬರೂದಿಲ್ಲ."

"ಟೀಚರಲ್ವಾ ನೀವು? ಯಾವ ಸಬ್ಜೆಕ್ಟು?"

"ಕನ್ನಡ" ಎಂದೆ.

ತಲೆಯಾಡಿಸಿ ಹೋದ. ಮಾವ ಸಹಿ ಹಾಕಿಕೊಟ್ಟ ಆ ಕಾಗದ ನನ್ನ ಅಕ್ಷರದಲ್ಲಿತ್ತು. ಶಾಲೆಗೆ ಒಂದು ಫೋನು ಮಾಡಿದರೆ ನನ್ನ ಸುಳ್ಳು ಗೊತ್ತಾಗುತ್ತಿತ್ತು. ಒಂದು ವರ್ಷ ನಾನು ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂರಲಿಲ್ಲ. ತರಗತಿಯ ಬಾಗಿಲಲ್ಲಿ ಜವಾನನ ನೆರಳು ಬಿದ್ದರೂ ಪಾಠ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಯಾರೂ ಬರಲಿಲ್ಲ.

ಬಂದದ್ದು ಆ ಮಗಳ ಕಾಗದ. ಕೋರ್ಟಿನ ಅನುಮತಿ ಸಿಕ್ಕಿತು, ಹೇಳಿದ ಜಾಗ ಅಗೆಸಿದರು, ಒಬ್ಬನದಲ್ಲ, ಮೂವರ ಎಲುಬು ಸಿಕ್ಕಿತು, ಯಾವುದು ತನ್ನ ತಮ್ಮನದೆಂದು ತಿಳಿಯಲಿಲ್ಲ, ತನ್ನ ಅಮ್ಮ ಮೂವರಿಗೂ ತಾನೇ ಮಣ್ಣು ಹಾಕಿದಳು ಎಂದು ಬರೆದಿದ್ದಳು. ನಾನು ಮಾವನಿಗೆ ಓದಿ ಹೇಳಿದೆ.

"ಎಷ್ಟ್?" ಎಂದರು ಅವರು.

"ಮೂರ್."

ಬಹಳ ಹೊತ್ತು ಬೆರಳು ಮಡಚುತ್ತಾ ಕುಳಿತಿದ್ದರು. ಆಮೇಲೆ, "ನಾಲ್ಕ್ ಇರ್ಕಿತ್ತ್" ಎಂದರು.

ಅವರ ಎದುರು ಕೂರಲು ನನ್ನಿಂದಾಗಲಿಲ್ಲ. ಎದ್ದು ಕಡಲ ಬದಿಗೆ ಹೋದೆ, ಬಲೆ ಒಣಗಿಸುವ ಹೆಂಗಸರ ನಡುವೆ ಕತ್ತಲಾಗುವ ತನಕ ಕುಳಿತೆ. ಮರುದಿನ ಅವರನ್ನು ಕೇಳದೆಯೇ ಆ ಮಗಳಿಗೆ, ಅಲ್ಲಿ ನಾಲ್ಕು ಇರಬೇಕಿತ್ತಂತೆ ಎಂದು ಒಂದು ಸಾಲು ಬರೆದು, ಕುಂದಾಪುರದ ಪೋಸ್ಟಾಫೀಸಿನಲ್ಲಿ ಹಾಕಿದೆ. ಉತ್ತರ ಬರಲಿಲ್ಲ.

ಮಾವ ಇನ್ನೂ ನಾಲ್ಕೈದು ವರ್ಷ ಬದುಕಿದ್ದರು. ಯಾವ ವಿಚಾರಣೆಗೂ ಅವರನ್ನು ಕರೆಯಲಿಲ್ಲ. ಅವರು ತೀರಿಕೊಂಡಾಗ ತ್ರಿವರ್ಣ ಧ್ವಜ ಹೊದಿಸಿ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಕೊಟ್ಟರು. ಮೊದಲ ಗುಂಡಿಗೆ ಅಮ್ಮ ನನ್ನ ತೋಳು ಹಿಡಿದುಕೊಂಡಳು. ವರ್ಷದ ನೆನಪಿಗೆ ಊರವರು ಸಭೆ ಇಟ್ಟು, ನನ್ನನ್ನೂ ಮಾತಾಡಲು ಕರೆದರು. ಮೈಕಿನ ಎದುರು ನಿಂತು, ಅವರು ಹುಟ್ಟಿದ ವರ್ಷ, ಸೈನ್ಯಕ್ಕೆ ಸೇರಿದ್ದು, ಪದಕಗಳ ಹೆಸರು ಹೇಳಿದೆ. ಮುಂದಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಟಲು ಸರಿಯಿಲ್ಲ ಎಂದು ಹೇಳಿ ಇಳಿದುಬಂದೆ.