ಒಣಗದ ತೋಟಾಗಳು

ಅವತ್ತು ಬಂದೂಕ ಹಾರದೆ ಹೋದದ್ದು ನನ್ನ ಮೈಲಿಗೆಯಿಂದಲ್ಲ. ತೋಟಾ ಹಸಿಯಾಗಿತ್ತು, ಅಷ್ಟೇ. ಅದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ನಾನು ಹೇಳಿದೆ, ಅವನು ಹೇಳಲಿಲ್ಲ. ಇವತ್ತಿಗೂ ನೆಂಟರ ಮದುವೆಗೆ ಹೋದರೆ ಊಟದ ಸಾಲಿನಲ್ಲಿ ಕೂತ ಯಾವುದಾದರೂ ಮುದುಕಿ ಪಕ್ಕದವಳ ಕಿವಿಗೆ ಬಾಯಿಟ್ಟು, "ತುಪಾಕಿ ಮುಟ್ಟಿ ಕೆಡಿಸಿದ್ದು ಈವಮ್ಮನೇ ಕಣೇ" ಅನ್ನುತ್ತಾಳೆ. ನನ್ನ ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿಯೇ ಇದೆ.

ನಾನು ಬೈರಕೂರು ಕಡೆಯವಳು. ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ ಕೊಟ್ಟರು. ಗಂಡನ ಮನೆಯಲ್ಲಿ ಮಾವನ ಕಾಲದ ಲೈಸೆನ್ಸ್ ಬಂದೂಕ ಇತ್ತು, ಬೆಳೆ ಕಾಯಲು ಕೊಟ್ಟದ್ದು. ಮಾವ ಸತ್ತ ಮೇಲೆ ಗಂಡನ ಹೆಸರಿಗೆ ಬಂತು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಹೊಸ ತೋಟಾ ಬೇಕೆಂದರೆ ಕೋಲಾರಕ್ಕೆ ಹೋಗಬೇಕು, ಹೋದರೂ ಸಿಗುತ್ತದೆ ಎಂದಿಲ್ಲ. ಅದಕ್ಕೇ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯನ್ನು ಎಸೆಯದೆ ಮನೆಗೆ ತಂದು, ತೊಳೆದು, ಬೆಳಗಿ, ಮತ್ತೆ ಮದ್ದು ತುಂಬುತ್ತಿದ್ದರು. ತುಂಬುವುದು ಗಂಡಸರ ಕೆಲಸ. ಮಸಿ ತೆಗೆಯುವುದು ಹೆಂಗಸರದು.

ಹಾರಿದ ತೋಟಾ ನೋಡಲು ಅಸಹ್ಯ. ಒಳಗೆಲ್ಲ ಕರಿ, ಮೂಸಿದರೆ ಕೊಳೆತ ಮೊಟ್ಟೆಯ ನಾತ. ಬಿಸಿನೀರಿನಲ್ಲಿ ನೆನೆಹಾಕಿ, ಕಡ್ಡಿಗೆ ಹಳೇ ಸೀರೆಯ ಚಿಂದಿ ಸುತ್ತಿ ಒಳಗೆ ತಿರುವಬೇಕು. ಕರಿನೀರು ಬರುವುದು ನಿಂತ ಮೇಲೆ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ಕೈಬೆರಳ ಸಂದಿಯೆಲ್ಲ ಹುಳಿಗೆ ಬಿರಿಯುತ್ತಿತ್ತು. ಉಜ್ಜಿದರೆ ದೇವರ ದೀಪದ ಹಾಗೆ ಹೊಳೆಯುತ್ತದೆ, ಸುಳ್ಳು ಹೇಳಬಾರದು. ಹುಳಿ ಉಳಿದರೆ ಕಿಲುಬು ಹಿಡಿಯುತ್ತದೆ, ಅದಕ್ಕೆ ಮತ್ತೆ ನೀರು, ಮತ್ತೆ ನೀರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಗುಜರಿಗೆ.

ಆಮೇಲೆ ಒಣಗಿಸುವುದು. ಮೊದಲು ಬೋರಲು ಹಾಕಿ ನೀರು ಇಳಿಸಬೇಕು, ಆಮೇಲೆ ಬಾಯಿ ಮೇಲೆ ಮಾಡಿ ಬಂಡೆಯ ಮೇಲೆ ಕಾಯಿಸಬೇಕು. ಹೊರಗೆ ಮುಟ್ಟಿದರೆ ಬೇಗ ಒಣಗಿದಂತೆಯೇ ಇರುತ್ತದೆ. ತಳದಲ್ಲಿ, ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಗುಳಿಯಲ್ಲಿ, ನೀರು ಅಡಗಿ ಕೂತಿರುತ್ತದೆ. ಒಳ್ಳೇ ಬಿಸಿಲು ಬಿದ್ದರೇನೇ ಅದು ಹೋಗುವುದು.

ಈ ಕೆಲಸ ನನಗೆ ಬೀಳುತ್ತಿದ್ದುದು ತಿಂಗಳು ತಿಂಗಳು ಹೊರಗೆ ಕೂತಾಗ. ಆ ದಿನಗಳಲ್ಲಿ ಅಡಿಗೆಮನೆ ಇಲ್ಲ, ಬಾವಿ ಇಲ್ಲ, ರೇಷ್ಮೆಹುಳು ಸಾಕುವ ಕೋಣೆಯ ಹೊಸ್ತಿಲೂ ಇಲ್ಲ. ಕೊಟ್ಟಿಗೆಯ ಪಕ್ಕ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಆದರೆ ಸೊಸೆ ಸುಮ್ಮನೆ ಕೂತಿದ್ದರೆ ಅತ್ತೆಗೆ ಅನ್ನ ಇಳಿಯುತ್ತಿರಲಿಲ್ಲ. ಕಪ್ಪು ತೋಟಾಗಳ ಬುಟ್ಟಿಯನ್ನು ದೂರದಿಂದಲೇ ಕೋಲಿನಲ್ಲಿ ನನ್ನ ಕಡೆ ತಳ್ಳುತ್ತಿದ್ದಳು.

"ತಗೋ, ರಾಣಿ ಹಂಗೆ ಕೂತಿದ್ದೀಯ. ಇದನ್ನಾದ್ರೂ ತಿಕ್ಕು."

"ಇದು ಮೈಲಿಗೆ ಆಗಲ್ವಾ ಅತ್ತೆ?" ಎಂದು ಮೊದಲ ಸಲ ಕೇಳಿದ್ದೆ.

"ಹಂದಿ ಹೊಡಿಯೋ ಸಾಮಾನಿಗೆ ಯಾವ ಮೈಲಿಗೆಯೇ?"

ಅದು ಅತ್ತೆ ಮಾಡಿದ ಕಾನೂನು. ವರ್ಷಗಟ್ಟಲೆ ಹಾಗೇ ನಡೆಯಿತು. ನಾನು ಹೊರಗೆ ಕೂತು ಉಜ್ಜಿದ ತೋಟಾಗಳೇ ಹಂದಿ ಓಡಿಸಿದವು. ಒಂದೂ ಹುಸಿ ಹೋಗಲಿಲ್ಲ.

ಆ ವರ್ಷ ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಹೊಲಕ್ಕೆ ಬಿದ್ದವು. ಒಂದು ಮೂಲೆಯನ್ನು ಉತ್ತ ಹಾಗೆ ಮಾಡಿಟ್ಟು ಹೋಗಿದ್ದವು. ನಾನು ಹೊರಗಿದ್ದೆ. ಬುಟ್ಟಿ ಬಂತು, ಬೆಳಿಗ್ಗೆಯೇ ಉಜ್ಜಿ ಬಂಡೆಯ ಮೇಲೆ ಜೋಡಿಸಿದೆ. ಮೋಡ ಕವಿದಿತ್ತು, ಬಂಡೆ ಹೆಣದ ಹಾಗೆ ತಣ್ಣಗಿತ್ತು. ಮಧ್ಯಾಹ್ನ ಗಂಡ ಬಂದು ತೋಟಾಗಳನ್ನು ಮೊರಕ್ಕೆ ತುಂಬಿಕೊಳ್ಳತೊಡಗಿದ.

"ಇನ್ನೂ ಒಣಗಿಲ್ಲ ಕಣ್ರೀ. ನಾಳೆ ಒಂದು ಬಿಸಿಲು ಕಾಣ್ಲಿ," ಅಂದೆ.

"ನಾಳೆ ಬನ್ರಪ್ಪ ಅಂತ ಹಂದಿಗೆ ಹೇಳಿ ಕಳಿಸ್ಲಾ?"

"ಒಳಗೆ ತಳದಲ್ಲಿ ನೀರೈತೆ. ಒಲೆ ಮುಂದಾದ್ರೂ ಇಟ್ಟು ಕಾಯಿಸ್ಕೊಳ್ಳಿ."

"ಮುಸುರೆ ತಿಕ್ಕೋಳು ನಂಗೆ ತುಪಾಕಿ ಹೇಳ್ಕೊಡ್ತಾಳಂತೆ!" ಎಂದು ನಕ್ಕು, ಒಂದನ್ನು ಪಂಚೆಯ ಚುಂಗಿನಲ್ಲಿ ಒರೆಸಿ ನನ್ನ ಮುಖಕ್ಕೆ ಹಿಡಿದ. "ನೋಡು, ಒಣಗಿಲ್ವಾ?"

ಒರೆಸಿದ್ದು ಹೊರಮೈ.

ಅವಕ್ಕೇ ಮದ್ದು ತುಂಬಿಕೊಂಡು ಸಂಜೆ ಅವನೂ ನನ್ನ ಮೈದುನನೂ ಹೊಲಕ್ಕೆ ಹೋದರು. ಹಂದಿ ಬಂತು. ಗಂಡ ಗುರಿಯಿಟ್ಟ. ಟಕ್ ಅಂದಿತೇ ಹೊರತು ಈಡು ಹಾರಲಿಲ್ಲ. ಇನ್ನೊಂದು ತೋಟಾ ಹಾಕಿದ, ಅದೂ ಟಕ್. ಅಷ್ಟರಲ್ಲಿ ಹಂದಿ ನುಗ್ಗಿ ಬಂದು, ಕೋಲು ಹಿಡಿದು ಮುಂದೆ ನಿಂತಿದ್ದ ಮೈದುನನ ಮೀನಖಂಡವನ್ನು ಸೀಳಿ ಹೋಯಿತು. ಗಾಡಿ ಕಟ್ಟಿ ಶ್ರೀನಿವಾಸಪುರಕ್ಕೆ, ಅಲ್ಲಿಂದ ಕೋಲಾರದ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಕಾಲು ಕುಂಟಾಯಿತು.

ಮಾರನೆಯ ದಿನ ಗಂಡ ಊರಿಗೆ ವಾಪಸು ಬಂದು, ಹಿತ್ತಿಲ ಜಗಲಿಯಲ್ಲಿ ಕೂತು, ಹಾರದ ತೋಟಾಗಳನ್ನು ಬಿಚ್ಚಿ ಕಾಗದದ ಮೇಲೆ ಸುರಿದ. ಕೊಟ್ಟಿಗೆಯ ಪಕ್ಕದಿಂದ ನನಗೆ ಕಾಣುತ್ತಿತ್ತು. ಮದ್ದು ಹಿಟ್ಟಾಗಿ ಉದುರಲಿಲ್ಲ. ನೀರು ಚಿಮುಕಿಸಿದ ರಾಗಿಹಿಟ್ಟಿನ ಹಾಗೆ ಗಂಟು ಗಂಟಾಗಿ ಬಿತ್ತು. ಅವನು ತಲೆ ಎತ್ತಿದ. ನಾನು ನೋಡುತ್ತಿರುವುದನ್ನು ನೋಡಿದ. ಅಂಗೈಯಿಂದ ಕಾಗದ ಮುಚ್ಚಿಕೊಂಡ.

ಅಷ್ಟರಲ್ಲಿ ಅತ್ತೆ ಊರಿಗೆಲ್ಲ ತೀರ್ಮಾನ ಹೇಳಿ ಆಗಿತ್ತು: ಹೊರಗೆ ಕೂತವಳು ಮುಟ್ಟಿದ್ದಕ್ಕೆ ತುಪಾಕಿ ಕಟ್ಟಿಹೋಯಿತು, ಮಗನ ಕಾಲು ಹೋಯಿತು. ಬುಟ್ಟಿ ತಳ್ಳಿದ ಕೋಲು ಅವಳಿಗೆ ಮರೆತೇ ಹೋಗಿತ್ತು.

ನಾನು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನ, ನಮ್ಮಪ್ಪನನ್ನು ಕರೆಸಿದ್ದರು. ಪಡಸಾಲೆಯಲ್ಲಿ ಅಪ್ಪ, ಅತ್ತೆ, ಗಂಡ, ಗಂಡನ ಚಿಕ್ಕಪ್ಪ. ಬಾಗಿಲಲ್ಲಿ ನಾನು, ಸೊಂಟದ ಮೇಲೆ ಮಗಳು. ಅವಳಿಗೆ ಆಗ ಹಾಲು ಬಿಡಿಸಿರಲಿಲ್ಲ.

"ನಿನ್ನ ಮಗಳನ್ನ ಕರ್ಕೊಂಡು ಹೋಗಪ್ಪ," ಅಂದಳು ಅತ್ತೆ. "ಮಗು ಇಲ್ಲೇ ಇರ್ಲಿ. ಅದು ನಮ್ಮ ಮನೇದು."

ನನಗೆ ಆ ಮನೆ ಬೇಕಿತ್ತೆಂದು ಯಾರೂ ತಿಳಿಯಬೇಡಿ. ಮಗಳನ್ನು ಬಿಟ್ಟು ಹೋಗಲಾರೆ, ಅದೊಂದೇ. ಅದಕ್ಕೇ ಬಾಯಿ ಬಿಟ್ಟೆ.

"ಹೊರಗೆ ಕೂತಾಗ್ಲೇ ತಾನೇ ನಾನು ಯಾವಾಗ್ಲೂ ತಿಕ್ಕಿರೋದು? ಬುಟ್ಟಿ ಕೊಟ್ಟಿದ್ದು ನೀವೇ. ಇಷ್ಟು ವರ್ಷ ಹಾರಿದ್ದು ಹೆಂಗೆ? ತೋಟಾ ಒಣಗಿರ್ಲಿಲ್ಲ. ಮದ್ದು ಗಂಟು ಕಟ್ಟಿತ್ತು. ನಿಮ್ಮ ಮಗನ್ನೇ ಕೇಳಿ."

ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು. ಅವನು ಕಂಬದ ಬುಡ ನೋಡುತ್ತಿದ್ದ. ನೋಡುತ್ತಲೇ ಇದ್ದ. ನಾನು ಕಾದೆ. ನಲವತ್ತು ವರ್ಷ ಸಂಸಾರ ಮಾಡಿದೆ, ಆ ಒಂದು ಗಳಿಗೆಯಷ್ಟು ಉದ್ದ ಯಾವುದೂ ಇರಲಿಲ್ಲ.

"ಕೇಳ್ದೆಯಾ ಇವಳ ನಾಲಿಗೇನ?" ಅಂದಳು ಅತ್ತೆ, ನಮ್ಮಪ್ಪನಿಗೆ.

ಅಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ಏಮ್ಮಾ, ದೊಡ್ಡೋರ ಎದುರಿಗೆ ಅಷ್ಟೆಲ್ಲ ಮಾತಾಡ್ಬಾರ್ದು. ಬಟ್ಟೆ ಕಟ್ಕೋ." ಹೆತ್ತವನೂ ಅಷ್ಟೇ.

ಆಗ ಗಂಡನ ಚಿಕ್ಕಪ್ಪ ಬಾಯಿಯ ಎಲೆಅಡಿಕೆ ಉಗಿದು ಬಂದು ಕೂತ. ಅವನಿಗೆ ನನ್ನ ಮೇಲೆ ಕನಿಕರವೇನೂ ಇರಲಿಲ್ಲ.

"ಅಲ್ಲ ಅಮ್ಮಣ್ಣಿ," ಎಂದ ಅತ್ತೆಗೆ, "ಹುಳ ನಾಲ್ಕನೇ ಜ್ವರ ಎದ್ದೈತೆ. ಒಬ್ಬ ಮಗ ಆಸ್ಪತ್ರೇಲಿ ಬಿದ್ದವ್ನೆ. ಇವಳ್ನೂ ಓಡಿಸಿದ್ರೆ ಸೊಪ್ಪು ಕೊಯ್ಯೋರ್ಯಾರು? ನೀನು ಕೊಯ್ತೀಯಾ, ಆ ಸೊಂಟ ಇಟ್ಕೊಂಡು?"

ಹುಳು ನಾಲ್ಕನೆಯ ಸಲ ಪೊರೆ ಬಿಟ್ಟು ಎದ್ದರೆ ಹಗಲೂ ರಾತ್ರಿ ತಿನ್ನುತ್ತದೆ. ಹೊರೆ ಹೊರೆ ಹಿಪ್ಪುನೇರಳೆ ಸೊಪ್ಪು ತಂದು ಹಾಕುತ್ತಲೇ ಇರಬೇಕು. ತಪ್ಪಿದರೆ ಗೂಡೇ ಇಲ್ಲ. ಅತ್ತೆ ಲೆಕ್ಕ ಹಾಕಿದಳು. ಕೊನೆಗೆ ಬಂದೂಕಕ್ಕೆ ಗೋಮೂತ್ರ ಚಿಮುಕಿಸಿದರು, ನನಗೂ ಚಿಮುಕಿಸಿದರು. "ಇದ್ದು ಸಾಯಿ. ಇನ್ಮೇಲೆ ತೋಟಾ ಮಾತ್ರ ಮುಟ್ಬೇಡ," ಅಂದಳು. ಅಪ್ಪ ಕಾಫಿ ಕುಡಿದು ಬಸ್ಸಿಗೆ ಹೋದ. ಹುಳಗಳ ಹಸಿವಿನಿಂದ ನಾನು ಉಳಿದೆ, ಮಗಳು ನನ್ನ ಹತ್ತಿರ ಉಳಿದಳು. ಗಂಡ ಸಾಯುವವರೆಗೂ ಆ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮದ್ದು ಕೆಟ್ಟ ತೋಟಾಗಳ ಬುಟ್ಟಿ ಹಿತ್ತಿಲಲ್ಲಿ ಹಾಗೇ ಇತ್ತು. ಹಿತ್ತಾಳೆಗೆ ಆಗಲೇ ಕಿಲುಬು ಏರುತ್ತಿತ್ತು. ಗಂಡ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಡಿಗೆಮನೆಯ ಕಡೆ ತಿರುಗಿ, "ಹುಣಸೆಹಣ್ಣು ಎಲ್ಲಿಟ್ಟಿದ್ದೀಯೇ?" ಎಂದು ಕೂಗಿದ.

"ಸಾರಿಗೆ ಹಾಕ್ದೆ," ಅಂದೆ.

ಮುದ್ದೆ ಕಟ್ಟಿಟ್ಟು, ಮಗಳನ್ನು ಸೊಂಟಕ್ಕೆ ಏರಿಸಿ, ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೋದೆ.